ವಾರಸುದಾರನನ್ನು ಗೊತ್ತುಮಾಡುವವರು ಯಾರು?

ನರಗುಂದದ ಬಾಬಾಸಾಹೇಬನ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ಭಾಗದಲ್ಲಿ ಇರಲಾರ. 1858ರಲ್ಲಿ ಆತನು ಕಂಪನಿ ಸರಕಾರದ ವಿರುದ್ಧ ಬಂಡೆದ್ದನು. ಮ್ಯಾನ್‌ಸನ್ ಎಂಬ ಅಧಿಕಾರಿಯ ರುಂಡವು ನರಗುಂದದ ಅಗಸಿಯಲ್ಲಿ ತೂಗಿತು. ಅದಾದ ಎರಡೇ ವಾರಗಳಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಇಷ್ಟನ್ನು ನಮ್ಮ ಹುಡುಗರು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲರು. ಆದರೆ ಆತನು ಬಂಡೆದ್ದುದು ಏತಕ್ಕೆ ಎಂದು ಕೇಳಿ ನೋಡಿರಿ. ‘ಸ್ವಾತಂತ್ರ್ಯಕ್ಕಾಗಿ’ ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ಈ ಉತ್ತರ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ಪ್ರಶ್ನೆಯ ಬಾಯಿ ಮುಚ್ಚಿಸುವ ಉತ್ತರ. ಬಾಬಾಸಾಹೇಬನ ಮನೆಯಲ್ಲಿ ಗಂಡು ಸಂತಾನ ಉಳಿದಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಆತನು ಬೇಡಿದ ಅಪ್ಪಣೆಯನ್ನು ಸರಕಾರ ನಿರಾಕರಿಸಿತ್ತು. ಆತನ ತರುವಾಯ ಸಂಸ್ಥಾನಕ್ಕೆ ಒಡೆಯನಿಲ್ಲವೆಂದು ಕಾಗದದಲ್ಲಿ ಆಗಲೇ ತೀರ್ಮಾನವಾಗಿತ್ತು. ಇದನ್ನು ಬಿಟ್ಟು ಉಳಿದ ಕಥೆಯನ್ನೆಲ್ಲ ಹೇಳಿದರೆ, ನೊಗವಿಲ್ಲದ ಬಂಡಿಯನ್ನು ವರ್ಣಿಸಿದಂತಾಗುತ್ತದೆ.

ಗಾದಿಗೆ ಯಾರು ಬರಬೇಕು ಎಂಬ ಜಗಳವನ್ನು ನಾವು ಸಾಮಾನ್ಯವಾಗಿ ರಕ್ತಸಂಬಂಧದ ಜಗಳವೆಂದು ತಿಳಿಯುತ್ತೇವೆ: ಹಿರಿಯನೋ ಕಿರಿಯನೋ, ಔರಸನೋ ದತ್ತಕನೋ, ಮಗನೋ ಮಗಳೋ. ಅದು ಹೊರಗಿನ ತೋರಿಕೆ. ಇಂಥ ಜಗಳಗಳ ಒಳಹೊಕ್ಕು ನೋಡಿದರೆ ಸಿಗುವ ಪ್ರಶ್ನೆ ಬೇರೆ: ಇವನೇ ವಾರಸುದಾರನೆಂದು ಗೊತ್ತುಮಾಡುವ ಅಧಿಕಾರ ಯಾರದು? ಈ ಅಧಿಕಾರವು ಯಾರ ಕೈಯಲ್ಲಿದೆಯೋ ಅವರೇ ನಿಜವಾದ ಒಡೆಯರು, ಗಾದಿಯ ಮೇಲೆ ಯಾರೇ ಕುಳಿತಿರಲಿ. ಈ ವಿಚಾರವನ್ನು ಪುಸ್ತಕಗಳಿಂದ ಹೊರತೆಗೆಯಬೇಕಾಗಿಲ್ಲ. ನಮ್ಮ ಕಾಲಬುಡದ ನೆಲವೇ ಅದನ್ನು ಹೇಳುತ್ತದೆ. ನನ್ನ ಊರು ರಾಜೂರ. ಗಜೇಂದ್ರಗಡದ ಮಗ್ಗುಲಿನ ಹಳ್ಳಿ. ಅಲ್ಲಿಂದ ಒಂದು ಕಡೆಗೆ ಗಜೇಂದ್ರಗಡದ ಕೋಟೆಯ ಗುಡ್ಡ. ಇನ್ನೊಂದು ಕಡೆಗೆ ಕೆಲವೇ ಹರದಾರಿಗಳ ಮೇಲೆ ಸೂಡಿ. ರೋಣವನ್ನು ದಾಟಿ ಮುಂದೆ ಹೋದರೆ ಎರೆಯ ಬಯಲಿನ ನಡುವೆ ಎದ್ದುನಿಂತ ನರಗುಂದದ ಗುಡ್ಡ. ಇಷ್ಟು ಸಣ್ಣ ಸೀಮೆಯಲ್ಲಿ ಈ ಪ್ರಶ್ನೆಯು ಎಷ್ಟು ರೂಪಗಳನ್ನು ತಾಳಿದೆಯೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಮೊದಲು ನರಗುಂದದ ಸಂಗತಿ. ನರಗುಂದ ಮತ್ತು ರಾಮದುರ್ಗಗಳು ಭಾವೆ ಮನೆತನದ ಎರಡು ಶಾಖೆಗಳು. ಮರಾಠರ ಕಾಲದಲ್ಲಿ ಬೆಳೆದ ಈ ಸಂಸ್ಥಾನಗಳ ಅಳಿವು ಉಳಿವು ಎಂದೂ ಸ್ವಂತ ಬಲದ ಮೇಲೆ ನಿಂತುದಲ್ಲ. ಟಿಪ್ಪು ಸುಲ್ತಾನನು ಹೆಚ್ಚಿನ ಕಪ್ಪವನ್ನು ಕೇಳಿದಾಗ ನರಗುಂದದ ವೆಂಕಟರಾಯನು ಪುಣೆಯ ಕಡೆಗೆ ಮುಖಮಾಡಿದನು. 1785ರಲ್ಲಿ ನರಗುಂದ ಟಿಪ್ಪುವಿನ ವಶವಾಯಿತು, ವೆಂಕಟರಾಯನು ಸೆರೆಯಾದನು. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ನಡೆದ ಒಡಂಬಡಿಕೆಯಂತೆ ನರಗುಂದ, ಕಿತ್ತೂರು, ಬಾದಾಮಿಗಳು ಮರಾಠರ ಕಡೆಗೆ ಬಂದವು. ಆ ಒಡಂಬಡಿಕೆಗೆ ಇತಿಹಾಸದಲ್ಲಿ ಗಜೇಂದ್ರಗಡದ ಹೆಸರೇ ನಿಂತಿದೆ. ಇಂದು ಗಾಳಿಯಂತ್ರಗಳು ತಿರುಗುತ್ತಿರುವ ಆ ಗುಡ್ಡಗಳ ಕೆಳಗೆ, ನರಗುಂದದ ಮನೆತನವು ಇರಬೇಕೋ ಬೇಡವೋ ಎಂಬುದನ್ನು ನರಗುಂದದವರಲ್ಲದ ಎರಡು ದೊಡ್ಡ ಶಕ್ತಿಗಳು ಕುಳಿತು ಗೊತ್ತುಮಾಡಿದವು. ಮುಂದಿನ ಶತಮಾನದಲ್ಲಿ ನಡೆದದ್ದನ್ನು ತಿಳಿಯುವಾಗ ಇದನ್ನು ನೆನಪಿನಲ್ಲಿಟ್ಟಿರಬೇಕು. ಆಂಗ್ಲರು ಬರುವುದಕ್ಕೆ ಮೊದಲು ನಮ್ಮ ಸಂಸ್ಥಾನಗಳ ವಾರಸಾ ಹಕ್ಕು ಮನೆಯೊಳಗಣ ಮಾತಾಗಿತ್ತು, ಅವರು ಬಂದು ಕೆಡಿಸಿದರು ಎಂಬ ಹೇಳಿಕೆ ಪೂರ್ತಿ ನಿಜವಲ್ಲ. ಪೇಶವೆಯರ ಕಾಲದಲ್ಲಿಯೂ ಹೊಸ ಒಡೆಯನು ನಜರಾಣೆ ಒಪ್ಪಿಸಿ ಒಪ್ಪಿಗೆ ಪಡೆಯಬೇಕಾಗಿತ್ತು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯನ್ನು ಪುಣೆಯಲ್ಲಿ ಸೆರೆಯಿಟ್ಟವನು ಎರಡನೆಯ ಬಾಜೀರಾಯನೇ ಹೊರತು ಆಂಗ್ಲನಲ್ಲ.

ಹಾಗಾದರೆ ಕಂಪನಿಯ ಆಳಿಕೆಯಲ್ಲಿ ಹೊಸದಾಗಿ ಬಂದದ್ದು ಯಾವುದು? ನನ್ನ ಮಟ್ಟಿಗೆ ಅದು ಒಂದು ಭೇದದ ಸೂತ್ರ. ದತ್ತಕಪುತ್ರನು ಮನೆಯ ಸ್ವಂತ ಆಸ್ತಿಗೆ ಹಕ್ಕುದಾರನಾಗಬಹುದು, ತಂದೆಗೆ ಪಿಂಡ ಹಾಕಬಹುದು. ಆದರೆ ಸರಕಾರದ ಪೂರ್ವಾನುಮತಿ ಇಲ್ಲದಿದ್ದರೆ ಆಳುವ ಅಧಿಕಾರ ಮಾತ್ರ ಅವನಿಗೆ ಸಲ್ಲದು ಎಂಬುದೇ ಆ ಸೂತ್ರ. ಶಾಸ್ತ್ರವನ್ನು ಸರಕಾರ ಅಲ್ಲಗಳೆಯಲಿಲ್ಲ. ಅದನ್ನು ಅಡಿಗೆಮನೆ ಮತ್ತು ದೇವರಕೋಣೆಗಳಿಗೆ ಸೀಮಿತಗೊಳಿಸಿತು. ಮೊದಲಿನ ಒಡೆಯರು ನಜರಾಣೆಗಾಗಿ ಸತಾಯಿಸುತ್ತಿದ್ದರು, ಆದರೆ ಒಪ್ಪಿಗೆಗೆ ಒಂದು ಬೆಲೆಯಿರುತ್ತಿತ್ತು. ಬೆಲೆಯನ್ನು ತೆತ್ತು ಮನೆತನ ಬದುಕುತ್ತಿತ್ತು. ಡಾಲ್‌ಹೌಸಿಯ ಆಡಳಿತದಲ್ಲಿ ಒಪ್ಪಿಗೆಯನ್ನು ಕೊಡದಿರುವುದೇ ಲಾಭದಾಯಕವಾಯಿತು. 1848ರಲ್ಲಿ ಸಾತಾರೆ, ಅನಂತರ ಝಾನ್ಸಿ, ನಾಗಪುರ ಒಂದೊಂದಾಗಿ ಖಾಲಸಾ ಆದವು. ವಾರಸುದಾರನನ್ನು ಗೊತ್ತುಮಾಡುವವನೇ, ವಾರಸುದಾರನಿಲ್ಲದಿದ್ದರೆ ಆಸ್ತಿಯನ್ನು ಪಡೆಯುವವನೂ ಆದರೆ, ಆ ತೀರ್ಪು ಯಾವ ಕಡೆಗೆ ವಾಲುವುದೆಂಬುದನ್ನು ಹೇಳಬೇಕಾಗಿಲ್ಲ. ಹಳ್ಳಿಯ ಪಂಚರಾದರೂ ತಮಗೆ ಬರುವ ಹೊಲದ ಮೇಲೆ ತಾವೇ ತೀರ್ಪು ಹೇಳಲು ನಾಚುತ್ತಾರೆ.

ಬಾಬಾಸಾಹೇಬ, ಅರ್ಥಾತ್ ಭಾಸ್ಕರರಾವ್ ಭಾವೆ, ಮೂಲತಃ ಕತ್ತಿಯ ಮನುಷ್ಯನಲ್ಲ. ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವನ್ನು ಮಾಡಿಕೊಂಡಿದ್ದ ಓದುಗ ಅವನು. ಅವನ ದಫ್ತರದ ಭಾಷೆ ಮರಾಠಿ, ಓದಿನ ಭಾಷೆ ಸಂಸ್ಕೃತ, ಅವನ ರೈತರ ಭಾಷೆ ಕನ್ನಡ. ಈ ಮಾತನ್ನು ಆಮೇಲೆ ಮತ್ತೆ ನೆನೆಯಬೇಕಾಗುತ್ತದೆ. ದತ್ತಕದ ಅರ್ಜಿ ನಿರಾಕೃತವಾದುದರ ಜೊತೆಗೆ ಇನಾಮು ಕಮಿಶನ್ನಿನ ಉಪಟಳ ಸೇರಿತ್ತು. 1852ರ ಕಾಯಿದೆಯ ಬಲದಿಂದ ಅದು ಊರೂರಿನ ಇನಾಮು ಜಮೀನುಗಳ ಸನದುಗಳನ್ನು ಕೇಳುತ್ತ ಬಂದಿತ್ತು. ಕಾಗದವಿಲ್ಲದವನ ಹಕ್ಕು ಹೋಯಿತು. ತಲೆತಲಾಂತರದ ಅನುಭೋಗವನ್ನೇ ಪುರಾವೆಯೆಂದು ನಂಬಿದ್ದ ಸೀಮೆಯಲ್ಲಿ ಇದು ಎಂಥ ತಲ್ಲಣವನ್ನು ಉಂಟುಮಾಡಿರಬೇಕೆಂಬುದನ್ನು ಊಹಿಸಬಹುದು. ಆಮೇಲೆ ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಮು ಬಂದಿತು. ಮ್ಯಾನ್‌ಸನ್ ಈ ಇನಾಮು ತನಿಖೆಯ ಕೆಲಸದಲ್ಲಿಯೇ ಹಿಂದೆ ಕೈಯಾಡಿಸಿ ಜನರ ಅಪ್ರೀತಿಯನ್ನು ಗಳಿಸಿದ್ದವನು. ನರಗುಂದದ ಕಡೆಗೆ ಹೋಗುವಾಗ ರಾಮದುರ್ಗದಲ್ಲಿ ತಂಗಿದ್ದ ಅವನಿಗೆ ಅಲ್ಲಿಯ ಒಡೆಯನು, ಬಾಬಾಸಾಹೇಬನ ಮಲಸಹೋದರನು, ಸಣ್ಣ ಬೆಂಗಾವಲಿನೊಡನೆ ಮುಂದೆ ಹೋಗುವುದು ಬೇಡವೆಂದು ಎಚ್ಚರಿಸಿದನು. ಮ್ಯಾನ್‌ಸನ್ ಕೇಳಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ಕೊಲೆಯಾಯಿತು.

ಮುಂದಿನದು ಬೇಗ ಮುಗಿಯಿತು. ಮುಂಡರಗಿಯ ಭೀಮರಾಯನು ಅದೇ ದಿನಗಳಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದನು. ಜೂನ್ ಮೊದಲಲ್ಲಿ ಕರ್ನಲ್ ಮಾಲ್ಕಮನ ಸೈನ್ಯದ ಮುಂದೆ ನರಗುಂದ ಬಿದ್ದಿತು. ಬಾಬಾಸಾಹೇಬನು ಓಡಿಹೋಗುತ್ತಿರುವಾಗ ಸೆರೆಸಿಕ್ಕು ಜೂನ್ 12ರಂದು ಗಲ್ಲಿಗೇರಿದನು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಬಿದ್ದು ಪ್ರಾಣ ಕಳೆದುಕೊಂಡರು. ದತ್ತಕನನ್ನು ತೊಡೆಯ ಮೇಲೆ ಕೂಡ್ರಿಸಿಕೊಳ್ಳಬೇಕಾಗಿದ್ದವಳು ಆ ಹೆಂಡತಿ. ಅವಳ ಮನಸ್ಸಿನಲ್ಲಿ ಏನಿತ್ತೆಂಬುದು ಯಾವ ಕಡತದಲ್ಲಿಯೂ ಸೇರುವ ಸಂಗತಿಯಾಗಿರಲಿಲ್ಲ. ಇತ್ತ ರಾಮದುರ್ಗವು ಉಳಿಯಿತು. ಬಂಡಾಯದಿಂದ ಪಾಠ ಕಲಿತ ಸರಕಾರ, 1862ರಲ್ಲಿ ಲಾರ್ಡ್ ಕ್ಯಾನಿಂಗನ ಮೂಲಕ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿತು. ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಗಲ್ಲಿಗೇರುವಂತೆ ಮಾಡಿದ ಬೇಡಿಕೆಯು ಇನ್ನೊಬ್ಬನ ಶಾಖೆಗೆ ಸರಕಾರದ ಕೃಪೆಯಾಗಿ ದೊರೆಯಿತು. ಅದು 1948ರಲ್ಲಿ ವಿಲೀನವಾಗುವವರೆಗೆ ಬಾಳಿತು. ಶಾಸ್ತ್ರ ಬದಲಾಗಿರಲಿಲ್ಲ. ಮನೆತನವೂ ಒಂದೇ. ಬದಲಾದದ್ದು ಮೊಹರು ಒತ್ತುವವನ ಮನಸ್ಸು ಮಾತ್ರ.

ಕಿತ್ತೂರಿನ ವೃತ್ತಾಂತ ಇದಕ್ಕಿಂತ ಹೆಚ್ಚು ಪರಿಚಿತ. ಆದುದರಿಂದ ಅದನ್ನು ವಿಸ್ತರಿಸುವುದಿಲ್ಲ. ಆದರೆ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಡಾಲ್‌ಹೌಸಿಯ ನೀತಿಯಿಂದ ಕಿತ್ತೂರು ಹೋಯಿತೆಂದು ಬರೆಯುವವರು, ಭಾಷಣ ಮಾಡುವವರು ಇನ್ನೂ ಇದ್ದಾರೆ. ಕಿತ್ತೂರಿನ ಶಿವಲಿಂಗರುದ್ರ ಸರ್ಜನು ತೀರಿಕೊಂಡದ್ದು 1824ರ ಸಪ್ಟಂಬರದಲ್ಲಿ. ಡಾಲ್‌ಹೌಸಿ ಈ ದೇಶಕ್ಕೆ ಬಂದದ್ದು ಅದಕ್ಕೆ ಇಪ್ಪತ್ತನಾಲ್ಕು ವರ್ಷಗಳ ಅನಂತರ. ಮಾಸ್ತಮರಡಿಯ ಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡ ಸುದ್ದಿಯ ಕಾಗದವು ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಮುಟ್ಟುವ ಹೊತ್ತಿಗೆ ದೇಸಾಯಿ ಜೀವದಿಂದಿರಲಿಲ್ಲ. ರುಜು ನಿಜವಾದುದೇ, ದತ್ತಕವು ಸಾವಿಗೆ ಮೊದಲು ನಡೆಯಿತೇ ಎಂಬ ಸಂಶಯದ ಎಳೆಯನ್ನು ಹಿಡಿದು ಥ್ಯಾಕರೆ ಕಿತ್ತೂರಿನ ಭಂಡಾರಕ್ಕೆ ಮೊಹರು ಹಾಕಿಸಿದನು. ಆಗ ಸಿದ್ಧಾಂತವೇನೂ ಇರಲಿಲ್ಲ; ಒಬ್ಬ ಅಧಿಕಾರಿಯ ಅನುಮಾನವಿತ್ತು, ಭಂಡಾರದ ಮೇಲೆ ಒಂದು ಕಣ್ಣಿತ್ತು. ಸಿದ್ಧಾಂತ ಆಮೇಲೆ ಬಂದಿತು. ಅಕ್ಟೋಬರ 23ರಂದು ಥ್ಯಾಕರೆ ಕಿತ್ತೂರಿನ ಮುಂದೆ ಮಡಿದನು. ಡಿಸೆಂಬರದಲ್ಲಿ ಕಿತ್ತೂರು ಬಿದ್ದಿತು. ಚೆನ್ನಮ್ಮ ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು.

ಇಲ್ಲಿ ಗಮನಿಸಬೇಕಾದವನು ಸಂಗೊಳ್ಳಿ ರಾಯಣ್ಣ. ಅವನು ರಾಜವಂಶದವನಲ್ಲ; ಸಂಗೊಳ್ಳಿಯ ಶೇತಸನದಿ, ಎಂದರೆ ಊರಿನ ಕಾವಲಿಗಾಗಿ ಹೊಲ ಪಡೆದ ಸೇವಕ. ಆತನು ಬಂಡೆದ್ದುದು ತಾನು ದೊರೆಯಾಗಲು ಅಲ್ಲ, ಶಿವಲಿಂಗಪ್ಪನನ್ನು ಗಾದಿಗೆ ಕೂಡ್ರಿಸಲು. ಸರಕಾರವು ವಾರಸುದಾರನಲ್ಲವೆಂದು ತಳ್ಳಿಹಾಕಿದವನನ್ನು ಸಂಗೊಳ್ಳಿಯ ಒಬ್ಬ ಹೊಲದವನು ವಾರಸುದಾರನೆಂದು ಗೊತ್ತುಮಾಡಿದನು. ಆ ಹಳ್ಳಿಗಳ ಜನ ಹೌದೆಂದರು. ಫ್ಲೀಟ್ ಸಾಹೇಬನು ಕಲೆಹಾಕಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದು ಇರುವುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಆಂಗ್ಲ ಅಧಿಕಾರಿಯೊಬ್ಬನೇ ಆ ಹಾಡನ್ನು ಬರೆದಿಡಬೇಕಾಗಿ ಬಂದದ್ದು ಒಂದು ವಿನೋದವೇ ಸರಿ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬರುವುದು ಸಹಜ: ‘ಹಾಗಾದರೆ ಹಿಂದಿನ ಕಾಲದಲ್ಲಿ ಎಲ್ಲವೂ ಧರ್ಮದಂತೆ ನಡೆಯುತ್ತಿತ್ತೇ?’ ಖಂಡಿತ ಇಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ತನ್ನ ಅಣ್ಣ ಎರಡನೆಯ ಸೋಮೇಶ್ವರನನ್ನು ಪದಚ್ಯುತಗೊಳಿಸಿ 1076ರಲ್ಲಿ ಪಟ್ಟವೇರಿದವನು. ಅಷ್ಟಕ್ಕೆ ನಿಲ್ಲದೆ ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದವನು. ಬಿಲ್ಹಣನು ಕಾಶ್ಮೀರದಿಂದ ಬಂದು, ಈ ಅಕ್ರಮವನ್ನು ದೈವಸಂಕಲ್ಪವೆಂಬಂತೆ ಚಿತ್ರಿಸಿ ‘ವಿಕ್ರಮಾಂಕದೇವಚರಿತ’ವನ್ನು ರಚಿಸಿದನು. ಗೆದ್ದವನ ಪಟ್ಟವನ್ನು ನ್ಯಾಯವೆಂದು ತೋರಿಸುವ ಕೆಲಸಕ್ಕೆ ಕವಿಗಳು ಎಂದೂ ಕೊರತೆಯಾಗಿಲ್ಲ. ನಮ್ಮ ಕಸುಬಿನವರ ಈ ದೌರ್ಬಲ್ಯವನ್ನು ಒಪ್ಪಿಕೊಳ್ಳೋಣ. ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಅದೇ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು ಬರೆದನು. ಯಾರ ಆಸ್ತಿ ಯಾರಿಗೆ ಸೇರಬೇಕೆಂಬುದನ್ನು ಭರತಖಂಡದ ಬಹುಭಾಗಕ್ಕೆ ಕಲಿಸಿದ ಗ್ರಂಥವದು. 1810ರಲ್ಲಿ ಕೋಲ್‌ಬ್ರುಕ್ ಅದರ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಆಂಗ್ಲ ನ್ಯಾಯಾಧೀಶರಿಗೂ ಅದೇ ದೀಪವಾಯಿತು. ಅಣ್ಣನ ಪಟ್ಟವನ್ನು ತಮ್ಮನು ಕಸಿದ ಅರಮನೆಯ ನೆರಳಿನಲ್ಲಿ ದಾಯಾದಿಗಳ ಹಕ್ಕಿನ ಶಾಸ್ತ್ರ ಹುಟ್ಟಿತೆಂಬುದು ಯಾರನ್ನಾದರೂ ಚಿಂತೆಗೆ ಹಚ್ಚಬೇಕಾದ ವಿಷಯ. ಶಾಸ್ತ್ರ ಒಂದು ಕಡೆ, ನಡೆ ಒಂದು ಕಡೆ. ನಡುವೆ ಜನರ ಸಮ್ಮತಿಯೆಂಬ ಹೊಂದಾಣಿಕೆ.

ಆ ಹೊಂದಾಣಿಕೆಯು ಎಷ್ಟು ಸಡಿಲವಾಗಿ, ಎಷ್ಟು ಉದಾರವಾಗಿ ಇರಬಲ್ಲದೆಂಬುದಕ್ಕೆ ಸೂಡಿಯೇ ಸಾಕ್ಷಿ. ಜೋಡುಗೋಪುರದ ಗುಡಿಯನ್ನೂ ಹೊಂಡವನ್ನೂ ನೋಡಲು ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿಂದ ಕಿಸುಕಾಡು ಎಪ್ಪತ್ತನ್ನು ಆಳಿದವಳು ಅಕ್ಕಾದೇವಿಯೆಂಬುದನ್ನು ಹೇಳುವವರು ಕಡಿಮೆ. ಹನ್ನೊಂದನೆಯ ಶತಮಾನದ ಈ ಚಾಲುಕ್ಯ ರಾಜಪುತ್ರಿಯು ತನ್ನ ತಮ್ಮ ಜಯಸಿಂಹನ ಕಾಲದಲ್ಲಿಯೂ ಸೋದರಳಿಯ ಸೋಮೇಶ್ವರನ ಕಾಲದಲ್ಲಿಯೂ ಆಡಳಿತವನ್ನು ನಡೆಸಿದಳು. ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು. ಹೆಣ್ಣೆಂಬ ಕಾರಣಕ್ಕಾಗಿ ಆಕೆಯ ಆಡಳಿತ ಅಸಿಂಧುವೆಂದು ಯಾವ ಶಾಸನವೂ ಗೊಣಗಿಲ್ಲ.

ಈಗ ಎಂಟುನೂರು ವರ್ಷ ದಾಟಿ ಅದೇ ನೆಲದ ಹಳ್ಳಿಗಳಿಗೆ ಬರೋಣ. ಸಂಸ್ಥಾನಿಕರ ಕಥೆ ದೊಡ್ಡವರದಾಯಿತು. ಊರಿನ ಗೌಡಕಿ, ಕುಲಕರ್ಣಿಕೆಗಳೂ ಸಣ್ಣ ಗಾದಿಗಳೇ. ವತನವೆಂದರೆ ಬರಿಯ ಹೊಲವಲ್ಲ. ಹೊಲದ ಜೊತೆಗೆ ಸೇವೆ, ಸೇವೆಯ ಜೊತೆಗೆ ಮಾನ. ಕಾರಹುಣ್ಣಿಮೆಯ ದಿನ ಯಾರ ಎತ್ತು ಮುಂದಾಗಿ ಕರಿ ಹರಿಯಬೇಕು, ಜಾತ್ರೆಯಲ್ಲಿ ಮೊದಲ ಕಾಯಿ ಯಾರದು, ಹೋಳಿಯ ಬೆಂಕಿ ಯಾರ ಕೈಯಿಂದ ಎಂಬ ಮಾತುಗಳಿಗಾಗಿ ಅಣ್ಣತಮ್ಮಕಿಯವರು ತಲೆಮಾರುಗಟ್ಟಲೆ ಮಾತು ಬಿಟ್ಟ ಊರುಗಳಿವೆ. ಹೊರಗಿನವರಿಗೆ ಇದು ನಗೆಯ ವಿಷಯ. ಆದರೆ ಆ ಮಾನವೇ ಊರ ಮುಂದೆ ಹಕ್ಕಿನ ಪುರಾವೆಯಾಗಿತ್ತೆಂಬುದನ್ನು ಮರೆಯಬಾರದು. ಮೊದಲ ಕಾಯಿ ತಪ್ಪಿದವನ ಗೌಡಕಿಯೂ ನಾಳೆ ತಪ್ಪೀತು. ಜಗಳ ಬಂದಾಗ ಮನೆತನದ ಶಾಖೆಗಳು ಪಾಳಿಯ ಮೇಲೆ ಗೌಡಕಿ ನಡೆಸುವ ಏರ್ಪಾಡು ಮಾಡಿಕೊಳ್ಳುತ್ತಿದ್ದುದೂ ಉಂಟು.

ಮುಂಬಯಿ ಸರಕಾರವು 1874ರ ವತನ ಕಾಯಿದೆಯಿಂದ ಇದನ್ನೆಲ್ಲ ದಫ್ತರಕ್ಕೆ ತಂದಿತು. ಯಾವ ಶಾಖೆಯ ಯಾರು ಸೇವೆಗೆ ಹಕ್ಕುದಾರರೆಂಬ ಪಟ್ಟಿಗಳಾದವು. ಪಟ್ಟಿಯಲ್ಲಿ ಬಂದದ್ದು ಕಲ್ಲಿನಲ್ಲಿ ಕೊರೆದಂತಾಯಿತು. ಬಾರದಿದ್ದುದು ಇಲ್ಲವೇ ಇಲ್ಲವೆಂದಾಯಿತು. ನಿನ್ನೆಯವರೆಗೆ ಊರವರು ಕೂಡಿ ಬದಲಿಸಬಹುದಾಗಿದ್ದ ರೂಢಿಗೆ ಮಾಮಲೇದಾರರ ಕಚೇರಿಯಲ್ಲಿ ಬೀಗ ಬಿದ್ದಿತು. ಅದರ ಮೇಲೆ 1886ರಲ್ಲಿ ಇನ್ನೊಂದು ಕಾನೂನು ಬಂದಿತು: ಕೊನೆಯ ಗಂಡು ವತನದಾರನ ವಿಧವೆಯೊಬ್ಬಳ ಹೊರತಾಗಿ, ವತನ ಮನೆತನದ ಯಾವ ಹೆಣ್ಣೂ, ಅರ್ಹನಾದ ಗಂಡೊಬ್ಬನು ಆ ಮನೆತನದಲ್ಲಿ ಎಲ್ಲಿಯಾದರೂ ಇರುವವರೆಗೆ, ವತನಕ್ಕೆ ವಾರಸಳಾಗುವಂತಿಲ್ಲ. ಸ್ವಂತ ಮಗಳಿದ್ದರೂ ವತನವು ದೂರದ ದಾಯಾದಿಗೆ. ಅದೇ ಮುಂಬಯಿ ಪ್ರಾಂತದ ನ್ಯಾಯಾಲಯಗಳಲ್ಲಿ, ವಿಧವೆಯು ಗಂಡನ ಸ್ಪಷ್ಟ ಅಪ್ಪಣೆಯಿಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದೆಂಬ ಪದ್ಧತಿ ಮಾನ್ಯವಾಗಿತ್ತೆಂಬುದನ್ನು ಇದರ ಜೊತೆಗಿಟ್ಟು ನೋಡಿರಿ. ಮನೆಯೊಳಗೆ ವಾರಸುದಾರನನ್ನು ಗೊತ್ತುಮಾಡಬಲ್ಲವಳು, ಊರ ಅಧಿಕಾರಕ್ಕೆ ತಾನೇ ವಾರಸುದಾರಳಾಗಲಾರಳು! ಅಕ್ಕಾದೇವಿಯ ಕಿಸುಕಾಡಿಗೆ ಆದ ಗತಿ ಇದು. ‘ಹಳೆಯ ಸಂಪ್ರದಾಯ’ವೆಂದು ನಾವು ಇಂದು ಹೇಳುವುದರಲ್ಲಿ ಎಷ್ಟು ನಿಜವಾಗಿಯೂ ಹಳೆಯದು, ಎಷ್ಟು 1874 ಮತ್ತು 1886ರ ಗುಮಾಸ್ತರ ಕೈಬರಹ ಎಂಬುದನ್ನು ಯಾರಾದರೂ ಶ್ರಮಪಟ್ಟು ಬೇರ್ಪಡಿಸಬೇಕಾಗಿದೆ. ಪರಗಣೆ ಮತ್ತು ಕುಲಕರ್ಣಿ ವತನಗಳು 1950ರ ಮುಂಬಯಿ ಕಾಯಿದೆಯಿಂದಲೂ, ಗೌಡಕಿ ಮುಂತಾದವು 1961ರ ಮೈಸೂರು ಕಾಯಿದೆಯು 1963ರಲ್ಲಿ ಜಾರಿಗೆ ಬಂದುದರಿಂದಲೂ ರದ್ದಾದವು. ಹೊಲ, ಸೇವೆ ಹೋದವು. ಮಾನದ ಜಗಳ ಮಾತ್ರ ಅಲ್ಲಲ್ಲಿ ಉಳಿದುಕೊಂಡಿದೆ.

ಇದೆಲ್ಲ ನಮ್ಮ ಸೀಮೆಯ ಹಳೆಯ ಕಥೆ ಮಾತ್ರವೆಂದು ವಾಚಕರು ತಿಳಿಯಬಾರದು. ದಕ್ಷಿಣ ಆಫ್ರಿಕೆಯ ಉತ್ತರದ ಅಂಚಿನಲ್ಲಿ, ಈಗಿನ ಲಿಂಪೋಪೋ ಪ್ರಾಂತದಲ್ಲಿ, ವೆಂಡಾ ಎಂಬ ಜನಾಂಗವಿದೆ. ಗುಡ್ಡಗಾಡಿನ ಈ ಜನರನ್ನು ಬೋಅರರು 1898ರಲ್ಲಿ ಸೋಲಿಸಿದರು. ಮುಂದೆ ವರ್ಣಭೇದದ ಸರಕಾರವು 1979ರಲ್ಲಿ ಅವರ ನಾಡಿಗೆ ಹೆಸರಿಗಷ್ಟೇ ಸ್ವಾತಂತ್ರ್ಯವನ್ನು ಕೊಟ್ಟು, ತನಗೆ ಒಪ್ಪುವ ನಾಯಕನನ್ನು ಅದರ ಅಧ್ಯಕ್ಷನನ್ನಾಗಿ ಮಾಡಿತು. ಪ್ರಜಾಪ್ರಭುತ್ವ ಬಂದ ಮೇಲೆ ಹಳೆಯ ಅರಸೊತ್ತಿಗೆಗಳಿಗೆ ಕಾಯಿದೆಯ ಮಾನ್ಯತೆ ನೀಡುವ ಏರ್ಪಾಡಾಯಿತು. 2012ರಲ್ಲಿ ಟೋನಿ ಮ್ಫೆಫು ರಾಮಬುಲಾನಾ ಎಂಬಾತನನ್ನು ವೆಂಡಾ ಅರಸನೆಂದು ಆ ದೇಶದ ಅಧ್ಯಕ್ಷರು ಮಾನ್ಯಮಾಡಿದರು. ಹಿಂದಿನ ಒಡೆಯನ ಮಗಳಾದ ಮಸಿಂಡಿ ಮ್ಫೆಫು, ತಾನು ಹೆಣ್ಣೆಂಬ ಕಾರಣಕ್ಕೆ ತನ್ನನ್ನು ಬದಿಗಿಟ್ಟರೆಂದು ನ್ಯಾಯಾಲಯವನ್ನೇರಿದಳು. 2019ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಟೋನಿಯ ಮಾನ್ಯತೆಯನ್ನು ತಳ್ಳಿಹಾಕಿತು. ವ್ಯಾಜ್ಯವು ಸಂವಿಧಾನ ನ್ಯಾಯಾಲಯದವರೆಗೂ ನಡೆಯಿತು. ಅರಮನೆಯ ಹಿರಿಯರು, ಸರಕಾರ, ನ್ಯಾಯಾಲಯ: ಗೊತ್ತುಮಾಡುವವರು ಈಗ ಮೂವರು. ರಾಮದುರ್ಗ ನರಗುಂದಗಳ ಪರಿಚಯವಿದ್ದವನಿಗೆ ಈ ವೃತ್ತಾಂತ ಹೊಸದೆನ್ನಿಸುವುದಿಲ್ಲ.

ಆದರೆ ಅದೇ ಪ್ರಾಂತದಲ್ಲಿ ನಡೆದ ಇನ್ನೊಂದು ಪ್ರಕರಣವು ನನ್ನ ಮನಸ್ಸನ್ನು ಹೆಚ್ಚು ಸೆಳೆದಿದೆ. ವಲೋಯಿ ಎಂಬ ಸಮುದಾಯದ ಒಡೆಯನು 1968ರಲ್ಲಿ ಗಂಡು ಮಕ್ಕಳಿಲ್ಲದೆ ತೀರಿಕೊಂಡನು. ಹಿರಿಯ ಮಗಳು ಫಿಲಿಯಾ ಶಿಲುಬಾನಾ ಇದ್ದಳು. ಆದರೆ ಅಂದಿನ ರೂಢಿಯಂತೆ ಪದವಿಯು ಅವನ ತಮ್ಮನಿಗೆ ಹೋಯಿತು. ದೇಶದ ಹೊಸ ಸಂವಿಧಾನವು ಗಂಡು ಹೆಣ್ಣುಗಳಿಗೆ ಸಮಾನತೆಯನ್ನು ಕೊಟ್ಟಿತಲ್ಲ, ನಾವೂ ನಮ್ಮ ರೂಢಿಯನ್ನು ಬದಲಿಸೋಣವೆಂದು 1990ರ ದಶಕದಲ್ಲಿ ಆ ಸಮುದಾಯದ ಹಿರಿಯರೇ ಸೇರಿ ಗೊತ್ತುವಳಿ ಮಾಡಿ, ಆ ಮಗಳಿಗೆ ಪದವಿ ಸಲ್ಲಬೇಕೆಂದರು. ತಮ್ಮನು ತೀರಿಕೊಂಡ ಮೇಲೆ ಅವನ ಮಗನು ದಾವೆ ಹೂಡಿದನು. ಕೆಳಗಿನ ನ್ಯಾಯಾಲಯಗಳಲ್ಲಿ ಅವನಿಗೇ ಗೆಲುವು. ರೂಢಿಯೆಂದರೆ ಹಿಂದಿನಿಂದ ನಡೆದು ಬಂದದ್ದು, ಅದನ್ನು ಮುರಿಯುವಂತಿಲ್ಲ ಎಂಬುದು ವಾದ. 2008ರಲ್ಲಿ ಸಂವಿಧಾನ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ರೂಢಿಯು ಜೀವಂತವಾದುದು, ಅದನ್ನು ಪಾಲಿಸುವವರಿಗೇ ಅದನ್ನು ಬೆಳೆಸುವ ಹಕ್ಕೂ ಉಂಟು ಎಂಬುದು ಅದರ ತೀರ್ಪಿನ ಸಾರ. 1886ರಲ್ಲಿ ನಮಗೆ ಹೊರಗಿನವರು ರೂಢಿಯನ್ನು ಹೆಪ್ಪುಗಟ್ಟಿಸಿ ಕೊಟ್ಟರು. 2008ರಲ್ಲಿ ಅಲ್ಲಿಯ ಒಂದು ಸಮುದಾಯ ತನ್ನ ರೂಢಿಯನ್ನು ತಾನೇ ಕರಗಿಸಿ ಬೇರೆ ಅಚ್ಚಿಗೆ ಎರೆಯಿತು, ನ್ಯಾಯಾಲಯ ಅದಕ್ಕೆ ಬೆಂಬಲವಾಗಿ ನಿಂತಿತು. ಮೊಹರು ಒತ್ತುವ ಕೈ ಹೀಗೂ ವರ್ತಿಸಬಹುದೆಂಬುದು ನನಗೆ ಸಮಾಧಾನ ತಂದ ಸಂಗತಿ.

ಇಂದಿನ ನಮ್ಮ ನಾಡಿನಲ್ಲಿ ಗಾದಿಗಳು ಇಲ್ಲ. ರಾಜಧನವೂ ಪದವಿಗಳೂ 1971ರಲ್ಲಿ ಹೋದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತಕಕ್ಕೆ ಆಂಗ್ಲರ ಒಪ್ಪಿಗೆ ಪಡೆಯಲು ಎರಡು ವರ್ಷ ಕಾಯಬೇಕಾಯಿತು. 2015ರಲ್ಲಿ ಅದೇ ಮನೆತನದಲ್ಲಿ ನಡೆದ ದತ್ತಕಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಲಿಲ್ಲ, ಏಕೆಂದರೆ ಅದರಿಂದ ಯಾವ ಪ್ರಜೆಯ ಕಂದಾಯವೂ ಹೆಚ್ಚು ಕಡಿಮೆಯಾಗುವಂತಿರಲಿಲ್ಲ. ಅದನ್ನು ಒಂದು ಮನೆಯ ಮಂಗಲಕಾರ್ಯವೆಂದು ಸಂತೋಷದಿಂದ ನೋಡಬಹುದು. ನನ್ನ ಚಿಂತೆ ಬೇರೆ ಗಾದಿಗಳದು. ಶಾಸಕನ ಕ್ಷೇತ್ರ ಮಗನಿಗೆ, ಸಹಕಾರಿ ಸಂಘದ ಕುರ್ಚಿ ಅಳಿಯನಿಗೆ ಹೋಗುತ್ತಿರುವಾಗ ನಾವು ಅದನ್ನು ವತನವೆಂದು ಕರೆಯುವುದಿಲ್ಲವಷ್ಟೆ. ಪಂಚಾಯತಿಯಲ್ಲಿ ಹೆಣ್ಣುಮಕ್ಕಳಿಗೆ ಈಗ ಅರ್ಧದಷ್ಟು ಸ್ಥಾನಗಳಿವೆ. 1886ರ ಅನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಆದರೆ ಅಧ್ಯಕ್ಷೆಯು ಮನೆಯಲ್ಲಿದ್ದು ಅವಳ ಗಂಡನು ಸಭೆಯ ಮುಂದಿನ ಕುರ್ಚಿಯಲ್ಲಿ ಕುಳಿತಿರುವ ಊರುಗಳನ್ನು ಕಂಡಾಗ, ವತನ ಕಾಯಿದೆಯನ್ನು ರದ್ದುಮಾಡಿದ್ದು ಗೆಝೆಟ್ಟಿನಲ್ಲಿ ಮಾತ್ರವೇ ಎಂಬ ಸಂಶಯ ಬರುತ್ತದೆ. ಇಲ್ಲಿ ಗೊತ್ತುಮಾಡುವ ಹಕ್ಕು ಮತದಾರನದು. ಆತನ ಮುಂದೆ ನಿಲ್ಲುವ ಹೆಸರುಗಳನ್ನು ಗೊತ್ತುಮಾಡುವ ಹಕ್ಕು ಮಾತ್ರ ಇನ್ನೂ ಕೆಲವು ಮನೆಗಳ ಪಡಸಾಲೆಯಲ್ಲಿಯೇ ಇದೆ.

ಬಾಬಾಸಾಹೇಬನ ಕಡೆಗೆ ಮತ್ತೆ ಬರುತ್ತೇನೆ. ಅವನ ರೈತರ ಭಾಷೆ ಕನ್ನಡವೆಂದು ಮೊದಲು ಹೇಳಿದೆನಷ್ಟೆ. ದತ್ತಕ ಯಾರಾಗಬೇಕೆಂದು ಅವನು ಸರಕಾರವನ್ನು ಕೇಳಿದನು. ಸರಕಾರವು ತನ್ನ ಕಡತವನ್ನು ಕೇಳಿತು. ಆ ರೈತರನ್ನು ಇಬ್ಬರೂ ಕೇಳಲಿಲ್ಲ. ಈ ಮಾತಿನಿಂದ ಅವನ ತ್ಯಾಗ ಕಿರಿದಾಗುವುದಿಲ್ಲ. ಆದರೆ ಶಾಲೆ ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ: ಸುರೇಬಾನದ ರಾತ್ರಿಯಿಂದ ಪಾಠವನ್ನು ಆರಂಭಿಸಬೇಡಿರಿ, ನಿರಾಕೃತವಾದ ಅರ್ಜಿಯಿಂದ ಆರಂಭಿಸಿರಿ. ರಾಮದುರ್ಗಕ್ಕೆ ದೊರೆತ ಸನದನ್ನು ಅದರ ಪಕ್ಕದಲ್ಲಿ ಇಡಿರಿ. ಮಲಪ್ರಭೆಗೆ ಬಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಅಡಿಟಿಪ್ಪಣಿಗೆ ತಳ್ಳಬೇಡಿರಿ. ‘ನರಗುಂದ ಬಂಡಾಯ’ವೆಂದರೆ ಇಂದಿನ ಹುಡುಗರಿಗೆ ಇನ್ನೊಂದು ದಿನವೂ ನೆನಪಾಗುತ್ತದೆ: 1980ರ ಜುಲೈ 21. ಮಲಪ್ರಭೆಯ ಕಾಲುವೆಯ ಕರದ ವಿಷಯದಲ್ಲಿ ತಮ್ಮನ್ನು ಯಾರೂ ಕೇಳಲಿಲ್ಲವೆಂದು ಅಂದು ಕಚೇರಿಯ ಮುಂದೆ ಬಂದು ನಿಂತವರು ಅದೇ ಊರುಗಳ ರೈತರು. ಈ ಎರಡು ಬಂಡಾಯಗಳನ್ನು ಒಂದೇ ತರಗತಿಯಲ್ಲಿ, ಒಂದರ ಹಿಂದೊಂದು ಪಾಠಮಾಡಿದರೆ ವಿದ್ಯಾರ್ಥಿಗಳು ಏನು ಕೇಳುತ್ತಾರೆಂಬುದನ್ನು ತಿಳಿಯಲು ನನಗೆ ಕುತೂಹಲವಿದೆ.